ಜೋಳದ ಕಾಳಿನಷ್ಟು ಮೈಕು

ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ದುಡಿದ ಶ್ರೀಪಾದನನ್ನು ಆಳಂದ, ಜೇವರ್ಗಿ, ಅಫಜಲಪುರ ಈ ಮೂರೂ ಊರಿನವರು ಎರಡು ಹೆಸರಿನಿಂದ ಬಲ್ಲರು. ಕೌಂಟರಿನ ಮುಂದೆ ನಿಂತವರಿಗೆ ಆತ ಪೋಸ್ಟಿನ ಸಾಹೇಬ. ಭಜನೆ, ತತ್ವಪದ, ಸಂಗೀತದ ಬೈಠಕ್ ನಡೆಯುವ ಕಡೆಯೆಲ್ಲ ಮೊದಲ ಸಾಲಿನಲ್ಲಿ ಕಲ್ಲಿನಂತೆ ಕೂಡುತ್ತಿದ್ದುದರಿಂದ ಹಾಡುವವರಿಗೆ ಆತ ರಿಕಾರ್ಡಿಂಗ್ ಸಾಹೇಬ.

ಕಲ್ಲಿನಂತೆ ಕೂಡುವುದಕ್ಕೆ ಕಾರಣವಿತ್ತು. ಆತನ ಕನ್ನಡಕದ ಎರಡೂ ಕಡ್ಡಿಗಳಿಗೆ, ಕಿವಿಯ ಹತ್ತಿರ, ಒಂದೊಂದು ಪುಟ್ಟ ಮೈಕು ಅಂಟಿಕೊಂಡಿರುತ್ತಿತ್ತು. ನೂಲಿನಷ್ಟು ತೆಳ್ಳಗಿನ ತಂತಿ ಕಾಲರಿನೊಳಗಿಂದ ಇಳಿದು ಜೇಬಿನಲ್ಲಿದ್ದ ರಿಕಾರ್ಡರಿಗೆ ಸೇರುತ್ತಿತ್ತು. ತಲೆ ತೂಗಿದರೆ ಇಡೀ ಬೈಠಕ್ಕೇ ತೂಗಿದಂತೆ ಕೇಳಿಸುತ್ತದೆ. ಹೀಗಾಗಿ ಇಪ್ಪತ್ತೇಳು ವರ್ಷಗಳಿಂದ ಆತ ಯಾವ ಹಾಡಿಗೂ ತಲೆ ತೂಗಿರಲಿಲ್ಲ, ವಾಹ್ ಅಂದಿರಲಿಲ್ಲ. ಒಮ್ಮೆ ಆಳಂದದಲ್ಲಿ ಹಾಡಿದ ಒಬ್ಬ ಹಿರಿಯರು, ಈ ಮನುಷ್ಯನಿಗೆ ನನ್ನ ಹಾಡು ರುಚಿಸಲಿಲ್ಲ ಎಂದು ಊಟದ ಪಂಕ್ತಿಯಲ್ಲಿ ನೊಂದುಕೊಂಡಿದ್ದರಂತೆ.

ಆ ಮೈಕುಗಳು ಎಲ್ಲ ದಿಕ್ಕಿಗೂ ಕಿವಿ ತೆರೆದ ಜಾತಿಯವು. ಓಮ್ನಿ ಅನ್ನುತ್ತಾರೆ. ನರೋಣಾದ ಏಕತಾರಿ ಮಾಳಿಂಗ ಆ ಹೆಸರನ್ನು ಮೊದಲ ಸಲ ಕೇಳಿದಾಗ, ಅದು ಏಳು ಮಂದಿ ಕೂಡುವ ಗಾಡಿಯಲ್ಲವೇ ಎಂದು ಕೇಳಿದ್ದ. ಶ್ರೀಪಾದ ಅವನಿಗೆ ತಿಳಿಸಿ ಹೇಳಿದ್ದ: ಒಂದೇ ದಿಕ್ಕಿಗೆ ಕೇಳುವ ಮೈಕು ಹಾಡುವವರ ಬಾಯಿಯನ್ನಷ್ಟೇ ಹಿಡಿಯುತ್ತದೆ, ಇದು ಮನೆಯನ್ನೇ ಹಿಡಿಯುತ್ತದೆ. ಪರಸಿ ಕಲ್ಲಿನ ನೆಲಕ್ಕೆ ಬಿದ್ದು ಎದ್ದ ದನಿ, ಹಿಂದೆ ಕೂತ ಮುದುಕಿಯ ನಿಟ್ಟುಸಿರು, ಅಂಗಳದ ಎಮ್ಮೆ, ಎಲ್ಲ ಬರುತ್ತದೆ. ಮುಂದೆ ಯಾವತ್ತೋ ಕಣ್ಣು ಮುಚ್ಚಿ ಕೇಳಿದವನಿಗೆ ತಾನು ಅಲ್ಲೇ ಕೂತಂತೆ ಆಗಬೇಕು. ಶ್ರೀಪಾದನಿಗೆ ಬೇಕಾದದ್ದು ಅಷ್ಟೇ.

ನಾಲ್ಕೈದು ವರ್ಷಗಳಿಂದ ಆ ‘ಅಲ್ಲೇ ಕೂತಂತೆ’ ಅನ್ನುವುದು ಕೈತಪ್ಪುತ್ತ ಬಂದಿತ್ತು. ತಾಳದ ಕಿಣಿಕಿಣಿ ಮೊದಲಿನಂತೆ ಮಿಂಚುತ್ತಿರಲಿಲ್ಲ. ಹಾಡುವವರ ಮಾತಿನ ಅಂಚು ಮೊಂಡಾಗಿ, ಕಂಬಳಿ ಹೊದಿಸಿದಂತೆ ಬರುತ್ತಿತ್ತು. ತಂತಿ ಬದಲಿಸಿದ, ರಿಕಾರ್ಡರ್ ಬದಲಿಸಿದ. ಕಂಪ್ಯೂಟರಿನಲ್ಲಿ ಮೇಲಿನ ಸ್ವರಗಳನ್ನು, ಅಂದರೆ ದನಿಯ ಚೂಪನ್ನು, ಎತ್ತಿ ಎತ್ತಿ ಕೂಡಿಸಿ, ಆಮೇಲೆ ಡಿಸ್ಕಿಗೆ ಹಾಕಿ ಜನರಿಗೆ ಹಂಚುತ್ತಿದ್ದ. ಕಡೆಗೆ ಮೈಕುಗಳಿಗೇ ವಯಸ್ಸಾಗಿದೆ, ಒಳಗಿನ ಪೊರೆಗೆ ಧೂಳು ಹಿಡಿದಿದೆ ಎಂದು ತೀರ್ಮಾನಿಸಿದ. ನಿವೃತ್ತನಾದ ಮೇಲೆ ಹೊಸ ಜೋಡಿ ಹುಡುಕುವುದೇ ಆತನ ದಿನದ ಕೆಲಸವಾಯಿತು.

ಅದಕ್ಕೆ ಅವಸರ ಹುಟ್ಟಿದ್ದು ವಜೀರುನ್ನಿಸಾಳಿಂದ.

ವಜೀರುನ್ನಿಸಾ ಜೇವರ್ಗಿ ತಾಲ್ಲೂಕಿನಲ್ಲಿ ಭೀಮೆಯ ದಂಡೆಗಿರುವ ಒಂದು ಸಣ್ಣ ಹಳ್ಳಿಯವಳು. ಎಂಬತ್ತರ ಹತ್ತಿರದ ಮುದುಕಿ. ಮೊಹರಮ್ಮಿನ ಪದಗಳನ್ನೂ ತತ್ವಪದಗಳನ್ನೂ ತಂದೆಯಿಂದ ಕಲಿತಿದ್ದಳು. ಅವುಗಳಲ್ಲಿ ಎಂಟು ಪದಗಳು ಅವಳೊಬ್ಬಳ ಬಾಯಲ್ಲಿ ಮಾತ್ರ ಉಳಿದಿದ್ದವು. ಬಹಳ ವರ್ಷಗಳ ಹಿಂದೆ ಯಾವುದೋ ಊರಿನ ಸಭೆಯಲ್ಲಿ ಅವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದರು. ಅದು ಕಿರುಗುಟ್ಟಿತು, ಜನ ನಕ್ಕರು. ನಡುವೆ ಯಾರೋ ಬಂದು ಅವಳ ತಲೆ ಹಿಡಿದು ಮೈಕಿನ ಕಡೆ ದೂಡಿದರು. ಅಂದಿನಿಂದ ಅವಳು ಕಬ್ಬಿಣದ ಮುಂದೆ ಹಾಡಿರಲಿಲ್ಲ. ಶ್ರೀಪಾದ ಜೇವರ್ಗಿಯಲ್ಲಿ ನೌಕರಿಯಲ್ಲಿದ್ದಾಗ ಏಳು ವರ್ಷ ಕೇಳಿಕೊಂಡಿದ್ದ. ಪ್ರತಿ ಸಲ ಚಹಾ ಕೊಟ್ಟು ಕಳಿಸಿದ್ದಳು.

ದೀಪಾವಳಿ ಕಳೆದ ಮೇಲೆ ಮಾಳಿಂಗ ಹೋಗಿ ಕೇಳಿದಾಗ ಅವಳು ಒಪ್ಪಿದಳು. ಉಸಿರು ಸಾಲುತ್ತಿಲ್ಲ, ಇನ್ನು ಬಹಳ ದಿನ ಆಗುವುದಿಲ್ಲ ಎಂದಳಂತೆ. ಒಂದೇ ಕರಾರು.

“ಸಾಹೇಬಗ ಹೇಳು, ಹಾಡ್ತೇನಿ. ಆದ್ರ ಆ ಮಶಿನು ನನ್ನ ಕಣ್ಣಿಗಿ ಬೀಳಬಾರ್ದು. ಬಿತ್ತಂದ್ರ ನನ್ನ ಗಂಟಲ ಮುಚ್ಕೋತದ.”

ಆ ಮಾತಿಗಾಗಿ ಶ್ರೀಪಾದ ಎರಡು ಜೋಡಿ ಮೈಕು ತರಿಸಿದ. ಹತ್ತು ದಿನದೊಳಗೆ ಬೇಡವಾದದ್ದನ್ನು ಹಿಂದಿರುಗಿಸಬಹುದಿತ್ತು. ಒಂದು ಜೋಡಿ ಕಡಲೆ ಕಾಳಿನಷ್ಟು. ಕನ್ನಡಕಕ್ಕೆ ಹಚ್ಚಿದರೆ ಎದುರಿಗಿದ್ದವರಿಗೆ ಕಾಣುತ್ತದೆ, ಕಾಲರಿಗೆ ಹಚ್ಚಿದರೆ ಬಟ್ಟೆ ಸವರಿದ ಸದ್ದು ಬರುತ್ತದೆ. ಇನ್ನೊಂದು ಜೋಡಿ ಜೋಳದ ಕಾಳಿಗಿಂತ ತುಸು ದೊಡ್ಡದು. ಕನ್ನಡಕದ ಕಡ್ಡಿಯ ಕಪ್ಪಿನಲ್ಲಿ ಕಪ್ಪಾಗಿ ಸೇರಿ ಹೋಗುತ್ತಿತ್ತು. ಜೊತೆಗೆ ಬಂದ ಕಾಗದದಲ್ಲಿ ಎರಡರ ಗುಣದೋಷಗಳೂ ಇದ್ದವು. ಮೈಕು ಸಣ್ಣದಾದಷ್ಟೂ ಅದರ ಒಳಗಿನದೇ ಒಂದು ಸುಯ್ಯೆನ್ನುವ ಸದ್ದು ಹೆಚ್ಚುತ್ತದೆ, ಮೆಲ್ಲನೆಯ ದನಿಯನ್ನು ಹಿಡಿಯುವಾಗ ಅದು ಮೇಲೆ ಬರುತ್ತದೆ. ಇದು ಶ್ರೀಪಾದನಿಗೆ ಹೊಸ ಮಾತೇನಲ್ಲ. ಸಣ್ಣ ಜೋಡಿಯಲ್ಲಿ ಆ ಸದ್ದಿನ ಅಂಕಿ ಕಾಗದದ ಮೇಲೆ ಕೆಟ್ಟದ್ದೇ ಇತ್ತು. ಆದರೆ ಕಾಗದಕ್ಕಿಂತ ಕಿವಿ ದೊಡ್ಡದು ಎಂದು ಆತ ಇಷ್ಟು ವರ್ಷ ನಂಬಿ ನಡೆದವನು. ಅಂಕಿ ನೋಡಿ ಮೈಕು ಕೊಳ್ಳುವವರನ್ನು ಜಾತಕ ನೋಡಿ ಹೆಣ್ಣು ತರುವವರಿಗೆ ಹೋಲಿಸಿ ನಗುತ್ತಿದ್ದ.

ಒಂದು ವಾರ ಪರೀಕ್ಷೆ ನಡೆಯಿತು. ಎರಡೂ ಜೋಡಿಗಳನ್ನು ಒಟ್ಟಿಗೆ ಹಚ್ಚಿಕೊಂಡು ಭೂಸನೂರಿಗೆ ಹೋಗಿ ಸೋಮವಾರದ ಭಜನೆ ಹಿಡಿದು ತಂದ. ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತ. ಮನೆಯಲ್ಲಿ ಹೆಂಡತಿ ನರ್ಮದಾಳಿಗೆ ಒಂದು ಹಾಡು ಗುನುಗಲು ಹೇಳಿ, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಹಿಡಿದ. ನಡುಮನೆಯಲ್ಲಿ ಫ್ಯಾನು ಫ್ರಿಜ್ಜು ಎಲ್ಲ ನಿಲ್ಲಿಸಿ ಬರೀ ಮೌನವನ್ನೂ ಹಿಡಿದ. ಮೈಕಿನ ಬಣ್ಣ ಬಯಲಾಗುವುದು ಮೌನದಲ್ಲಿಯೇ. ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಎರಡೂ ಒಂದೇ. ಎರಡರಲ್ಲೂ ಸುಯ್ಯೆನ್ನುವುದಿಲ್ಲ. ಕಡಲೆ ಕಾಳಿನ ಮೌನ, ಜೋಳದ ಕಾಳಿನ ಮೌನ, ಒಂದರ ಪಕ್ಕ ಒಂದು ಇಟ್ಟರೂ ಕೂದಲಿನಷ್ಟು ವ್ಯತ್ಯಾಸವಿಲ್ಲ.

ಖುಷಿಗೆ ನರ್ಮದಾಳನ್ನೂ ಕರೆದು ಕೇಳಿಸಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಕೂತು, ಎರಡನ್ನೂ ಕೇಳಿ, ಸಣ್ಣದು ಸುಂಯ್ ಅನ್ನುತ್ತದೆ ಎಂದಳು. ಶ್ರೀಪಾದ ಅದು ಫ್ಯಾನು ಎಂದ. ಫ್ಯಾನು ನಿಲ್ಲಿಸಿಯೇ ಹಿಡಿದದ್ದಲ್ಲವೇ ಎಂದು ಅವಳು ಕೇಳಿದಳು.

“ಇಪ್ಪತ್ತೇಳು ವರ್ಷದಿಂದ ನಾ ಇದನ್ನ ಮಾಡ್ಲಿಕತ್ತೇನಿ. ನೀ ಕುಕ್ಕರ್ ಸೀಟಿ ಎಣಸಾಕಿ, ನಿನಗೇನ್ ತಿಳೀತದ ಇದರಾಗ?” ಅಂದ.

ನರ್ಮದಾ ಹೆಡ್‌ಫೋನ್ ತೆಗೆದು ಮಡಿಸಿ ಮೇಜಿನ ಮೇಲಿಟ್ಟು ಒಲೆಯ ಕಡೆ ಹೋದಳು. ಮರುದಿನ ಶ್ರೀಪಾದ ಕಡಲೆ ಕಾಳಿನ ಜೋಡಿಯನ್ನು ಪೊಟ್ಟಣ ಕಟ್ಟಿ ತಾನು ದುಡಿದ ಕೌಂಟರಿನಿಂದಲೇ ವಾಪಸು ಕಳಿಸಿದ. ಮನೆಗೆ ಬಂದವನು ಹಳೆಯ ಜೋಡಿಯನ್ನು, ಎಷ್ಟು ಧೂಳು ಕೂತಿದೆಯೋ ನೋಡೋಣವೆಂದು, ಬ್ಲೇಡಿನಿಂದ ಸೀಳಿದ. ಒಳಗೆ ಪೊರೆ ಕನ್ನಡಿಯಂತಿತ್ತು. ಧೂಳಿನ ಒಂದು ಕಣವೂ ಇರಲಿಲ್ಲ. ಆಶ್ಚರ್ಯಪಟ್ಟ, ಮತ್ತೆ ಅದನ್ನು ಯೋಚಿಸಲಿಲ್ಲ. ಸೀಳಿದ ಮೇಲೆ ಆ ಮೈಕುಗಳು ಮತ್ತೆ ಕೆಲಸಕ್ಕೆ ಬರುವಂತಿರಲಿಲ್ಲ.

ತೊಗರಿ ರಾಶಿ ಮುಗಿದ ಮೇಲೆ ಒಂದು ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ವಜೀರುನ್ನಿಸಾಳ ಮನೆಯಲ್ಲಿ ಹಾಡಿಕೆ ಇಟ್ಟುಕೊಂಡರು. ಪಡಸಾಲೆಯಲ್ಲಿ ಮೂವತ್ತು ಮಂದಿ ಸೇರಿದ್ದರು. ಮಾಳಿಂಗ ಏಕತಾರಿ ಹಿಡಿದ. ಮಗಳು ಹಜರಾಬಿ ತಾಯಿಯ ಬೆನ್ನಿಗೆ ದಿಂಬು ಕೊಟ್ಟು ಪಕ್ಕದಲ್ಲಿ ಕೂತಳು. ಹಜರಾಬಿ ಐವತ್ತು ದಾಟಿದವಳು, ಊರಿನ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಶ್ರೀಪಾದ ಮುದುಕಿಯಿಂದ ಎರಡು ಮಾರು ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಆತನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎಲ್ಲಿಟ್ಟಿದ್ದೀಯೋ ನನಗೆ ಹೇಳಬೇಡ ಎಂದಳು.

ಅವಳ ದನಿ ಸೋತು ಸಣ್ಣಗಾಗಿತ್ತು. ಮೊದಲು ಊರ ಆಚೆಯ ಹೊಳೆಗೆ ಕೇಳುತ್ತಿದ್ದ ಕಂಠ ಈಗ ಪಡಸಾಲೆಯ ಬಾಗಿಲು ದಾಟುತ್ತಿರಲಿಲ್ಲ. ಆದರೆ ಶ್ರುತಿ ತಪ್ಪಲಿಲ್ಲ. ಎರಡನೆಯ ಪದ ಮುಗಿಯುವ ಹೊತ್ತಿಗೆ ಜನ ಕೆಮ್ಮುವುದನ್ನೂ ಬಿಟ್ಟರು. ನಾಲ್ಕನೆಯದು ಗಂಡನನ್ನು ಕಳೆದುಕೊಂಡ ಹೆಣ್ಣು ಹೊಳೆಯನ್ನು ಮಾತನಾಡಿಸುವ ಪದ. ಹಜರಾಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆರನೆಯ ಪದದಲ್ಲಿ ಮುದುಕಿಯ ದನಿ ಪಿಸುಮಾತಿಗೆ ಇಳಿಯಿತು, ಹಾಡುತ್ತಿದ್ದಾಳೋ ಉಸಿರಾಡುತ್ತಿದ್ದಾಳೋ ಅನ್ನುವಷ್ಟು. ಶ್ರೀಪಾದ ಮಾತುಗಳನ್ನೆಲ್ಲ ಹಿಡಿಯಲಾಗದಿದ್ದರೂ ಮೈಕು ಹಿಡಿಯುತ್ತಿದೆ ಎಂಬ ನೆಮ್ಮದಿಯಿಂದ ಕತ್ತು ಬಿಗಿಹಿಡಿದು ಕೂತಿದ್ದ. ಎಂಟನೆಯದು ಮುಗಿದಾಗ ಅವಳು ನೀರು ಕೇಳಿದಳು, ಕುಡಿದು ಗೋಡೆಗೆ ತಲೆಯಿಟ್ಟು, “ಆಯ್ತಪ್ಪಾ, ನಂದೆಲ್ಲಾ ನಿನಗ ಕೊಟ್ಟೇನಿ” ಅಂದಳು.

ಅಂದೇ ಸಂಜೆ ಮನೆಗೆ ಬಂದು ಕೇಳಿದ. ಬಹಳ ಚೆನ್ನಾಗಿ ಬಂದಿತ್ತು. ತನ್ನ ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಇದೊಂದು ಉಳಿದರೆ ಸಾಕು ಅನ್ನಿಸಿತು.

ಹದಿನೆಂಟನೆಯ ದಿನ ವಜೀರುನ್ನಿಸಾ ತೀರಿಕೊಂಡಳು.

ಶ್ರೀಪಾದ ಮಣ್ಣಿಗೆ ಹೋಗಿ ಬಂದ. ಆಮೇಲಿನ ವಾರ ರಿಕಾರ್ಡರ್ ತೆಗೆದುಕೊಂಡು ನರೋಣಾಕ್ಕೆ ಹೋದ. ಹಜರಾಬಿಗೆ ಕೊಡುವ ಮೊದಲು ಮಾಳಿಂಗ ಒಮ್ಮೆ ಕೇಳಲಿ, ಪದಗಳ ಹೆಸರು ಸರಿ ಬರೆದುಕೊಳ್ಳೋಣ ಅನ್ನುವುದು ಲೆಕ್ಕ. ಮಾಳಿಂಗ ಹೊಲದಿಂದ ಬಂದು ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ಹೆಡ್‌ಫೋನ್ ಏರಿಸಿಕೊಂಡ. ಒಂದು ಪದ ಪೂರ್ತಿ ಕೇಳಲಿಲ್ಲ. ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ ಕೇಳಿದ:

“ಸಾಹೇಬ್ರ, ಅವತ್ತು ಬಾಜೂಕ ಗ್ಯಾಸಿನ ಒಲಿ ಹಚ್ಚಿದ್ರೇನ್ರಿ? ನನಗ ನೆನಪಿಲ್ಲ.”

ಶ್ರೀಪಾದ ಇಲ್ಲವೆಂದ. ಅಂದು ಅಡುಗೆ ಹಿತ್ತಲಲ್ಲಿ, ಕಟ್ಟಿಗೆಯ ಒಲೆಯಲ್ಲಿ ನಡೆದಿತ್ತು.

“ಏನೋ ಸುಸ್ಸ್ ಅಂತ ಬರ್ಲಾಕತ್ತದ್ರಿ. ಬಾಯಿ ಮ್ಯಾಲೆ ಹಾದು ಹೋಗ್ಲಾಕತ್ತದ. ಆಯಿ ಏನ್ ಅಂದ್ಳು ತಿಳೀವಲ್ದು.”

ಶ್ರೀಪಾದ ಹೆಡ್‌ಫೋನ್ ಇಸಿದುಕೊಂಡು ಕೇಳಿದ. ವಜೀರುನ್ನಿಸಾಳ ದನಿ, ಏಕತಾರಿ, ಯಾರದೋ ಬಳೆ. ಮತ್ತೇನೂ ಇಲ್ಲ. ಹೆಡ್‌ಫೋನನ್ನು ಮಾಳಿಂಗನ ಒಂದು ಕಿವಿಗೂ ತನ್ನ ಒಂದು ಕಿವಿಗೂ ಹಚ್ಚಿ, ಈಗ ಬರುತ್ತಿದೆಯೇ ಎಂದು ಕೇಳಿದ. ಮಾಳಿಂಗ ಬರುತ್ತಿದೆ ಎಂದ. ಹಾಡು ನಿಂತ ಕಡೆ ತಂದು, ಈಗಲೂ? ಎಂದ. ಮಾಳಿಂಗ ಈಗ ಇನ್ನೂ ಜಾಸ್ತಿ ಬರುತ್ತಿದೆ ಎಂದ. ಅವನ ಸೊಸೆಯನ್ನು ಕರೆದು ಕೇಳಿಸಿದರು. ಅವಳು ನಾಚುತ್ತ, ಮಳೆ ಬಂದಂತೆ ಸದ್ದಿದೆ ಎಂದಳು. ಮಾಳಿಂಗ ಯಂತ್ರ ಕೆಟ್ಟಿರಬಹುದು ಎಂದು ಸಮಾಧಾನ ಹೇಳಿ ಚಹಾ ತರಿಸಿದ. ಶ್ರೀಪಾದನಿಗೆ ಬ್ಲೇಡಿನ ಕೆಳಗೆ ಹೊಳೆದ ಆ ಪೊರೆ ನೆನಪಾಯಿತು.

ಕಲಬುರಗಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದ. ಫರಹತ ಎಂಬ ಹೆಣ್ಣುಮಗಳು ಆತನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂಡಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದಳು. ಮೊದಮೊದಲು ಚುರುಕಾಗಿ ಒತ್ತಿದ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಲ್ಲಿಸಿದ್ದಾಳೆಂದು ಗಾಜಿನಾಚೆ ನೋಡಿದ. ಅವಳ ಬೆರಳು ಆಡುತ್ತಲೇ ಇತ್ತು.

ಹೊರಗೆ ಬಂದಾಗ ಅವಳು ಕಾಗದ ತೋರಿಸಿದಳು. ಗೆರೆ ಒಂದಷ್ಟು ದೂರ ಸಮನಾಗಿ ಹೋಗಿ ಆಮೇಲೆ ಬಾವಿಗೆ ಇಳಿಯುವ ಮೆಟ್ಟಿಲಿನಂತೆ ಕೆಳಗಿಳಿದಿತ್ತು. ಸ, ಶದಂಥ ಸುಸ್ಸೆನ್ನುವ ದನಿಗಳಿರುವ ಮೇಲಿನ ಸ್ವರಗಳು ಎರಡೂ ಕಿವಿಯಲ್ಲಿ ಹೋಗಿವೆ, ಇದು ನಿನ್ನೆ ಮೊನ್ನೆಯದಲ್ಲ, ಐದಾರು ವರ್ಷಗಳಿಂದ ನಡೆದದ್ದು. ಮಾತು ಅರ್ಥವಾಗುವುದರಿಂದ ಬಹಳ ಜನಕ್ಕೆ ಇದು ಗೊತ್ತೇ ಆಗುವುದಿಲ್ಲ ಎಂದು ನಿಧಾನವಾಗಿ ತಿಳಿಸಿದಳು. ಹೋದದ್ದು ಮರಳುವುದಿಲ್ಲ ಎಂಬುದನ್ನೂ ಹೇಳಿದಳು. ಶ್ರೀಪಾದ ಚೀಲದಿಂದ ರಿಕಾರ್ಡರ್ ತೆಗೆದು, ಇದನ್ನೊಂದು ಕೇಳು ತಾಯಿ ಎಂದು ಕೇಳಿಕೊಂಡ. ಹೊರಗೆ ಮಂದಿ ಕಾದಿದ್ದರೂ ಅವಳು ಕೂತು ಕೇಳಿದಳು.

“ಸುಸ್ ಅನ್ನೂದು ಅದ ಏನವ್ವಾ?”

“ಅದ್ರಿ.”

“ಎಷ್ಟದ?”

ಅವಳು ಹೆಡ್‌ಫೋನ್ ತೆಗೆದಿಟ್ಟಳು. “ಬಹಳ ಅದ್ರಿ, ಸರ್. ಆಯಿ ದನಿ ಎಷ್ಟದನೋ ಅಷ್ಟದ,” ಎಂದಳು.

ಮನೆಗೆ ಮರಳುವ ಅಫಜಲಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆತ ಲೆಕ್ಕ ಹಾಕಿದ. ಐದು ವರ್ಷ. ಐದು ವರ್ಷದಲ್ಲಿ ಹಿಡಿದ ಬೈಠಕ್ಕುಗಳು, ಹಂಚಿದ ಡಿಸ್ಕುಗಳು. ಮಂಕಾಗಿವೆ ಎಂದು ಎತ್ತಿ ಎತ್ತಿ ಕೂಡಿಸಿದ ಮೇಲಿನ ಸ್ವರಗಳು. ತನಗೆ ಸರಿ ಕೇಳುವವರೆಗೂ ಎತ್ತಿದ್ದ. ಬೇರೆಯವರ ಕಿವಿಯಲ್ಲಿ ಅದು ಹೇಗೆ ಕೇಳಿಸಿರಬೇಕು? ಡಿಸ್ಕು ಇಸಿದುಕೊಂಡವರು ಯಾರೂ ಒಂದು ಮಾತು ಆಡಿರಲಿಲ್ಲ. ರಿಕಾರ್ಡಿಂಗ್ ಸಾಹೇಬನಿಗೆ ಯಾರು ಹೇಳಿಯಾರು?

ಮನೆಗೆ ಬಂದು ಕಾಗದವನ್ನು ನರ್ಮದಾಳ ಮುಂದಿಟ್ಟ. ಅವಳು ಅದನ್ನು ಓದಲಿಲ್ಲ. ಬಹಳ ದಿನದಿಂದ ಗೊತ್ತು ಎಂದಳು. ಫೋನು ಅಡುಗೆ ಮನೆಯಲ್ಲಿ ಬಡಿದುಕೊಂಡರೆ ಆತನಿಗೆ ತಿಳಿಯುತ್ತಿರಲಿಲ್ಲ. ಮಗಳು ನೀತಾ ಫೋನಿನಲ್ಲಿ ಮಾತಾಡಿದರೆ ‘ಸ’ಕ್ಕೂ ‘ಹ’ಕ್ಕೂ ವ್ಯತ್ಯಾಸ ತಿಳಿಯದೆ ಏನೇನೋ ಉತ್ತರ ಕೊಡುತ್ತಿದ್ದ. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಶ್ರೀಪಾದ ಕೇಳಿದ. ಕೇಳುವಾಗಲೇ ಉತ್ತರ ಗೊತ್ತಿತ್ತು.

“ಒಮ್ಮೆ ಹೇಳಿದ್ನಲ್ಲ,” ಅಂದಳು ನರ್ಮದಾ. “ನೀವು ಹಾಡು ಹಚ್ಚಿದಾಗೆಲ್ಲ ನಾ ಹಿತ್ತಲಕ್ಕ ಹೋಗಿ ಕೂಡ್ತಿದ್ದೆ. ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ತಿತ್ತು. ನಿಮಗ ಬ್ಯಾರೆ ಏನ್ ಖುಷಿ ಇತ್ತು, ಅದನ್ಯಾಕ ಕಸೀಬೇಕು ಅಂತ ಸುಮ್ನಾದೆ,” ಅಂದಳು.

ಇಷ್ಟು ವರ್ಷ ಆತ, ಇವಳಿಗೆ ಸಂಗೀತವೆಂದರೆ ಆಗದು ಎಂದು ತಿಳಿದಿದ್ದ. ಹೊರಗಿನವರ ಮುಂದೆ ಹಾಗೆ ಅಂದು ನಕ್ಕದ್ದೂ ಉಂಟು. ಈಗ ಅವಳ ಮುಖ ನೋಡಲಾಗದೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ರಿಕಾರ್ಡಿಂಗನ್ನು ಸ್ವಚ್ಛ ಮಾಡಿಸುವ ಪ್ರಯತ್ನವೂ ಆಯಿತು. ಕಲಬುರಗಿಯಲ್ಲಿ ಲಗ್ನದ ವಿಡಿಯೋ ಮಾಡುವ ಪರಿಚಯದವನೊಬ್ಬ ಕಂಪ್ಯೂಟರಿನಲ್ಲಿ ಸುಯ್ಯೆನ್ನುವುದನ್ನು ತೆಗೆದು ಕೊಟ್ಟ. ನರ್ಮದಾ ಕೇಳಿದಳು. ಸುಂಯ್ ಅನ್ನುವುದು ಹೋಗಿತ್ತು. ಅದರ ಸಂಗಡ ಮುದುಕಿಯ ಉಸಿರೂ ಹೋಗಿತ್ತು. ನೀರಿನೊಳಗೆ ಕೂತು ಹಾಡಿದಂತಿದೆ, ಪಿಸುಗುಟ್ಟಿದ ಕಡೆ ಏನೇನೂ ಇಲ್ಲ ಎಂದಳು. ಶ್ರೀಪಾದ ಎರಡನ್ನೂ ಹತ್ತು ಹತ್ತು ಸಲ ಕೇಳಿದ. ಆತನಿಗೆ ಎರಡೂ ಒಂದೇ ಆಗಿದ್ದವು.

ಹಜರಾಬಿಯ ಮನೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ತಾಯಿಯ ಮಂಚವನ್ನು ತೆಗೆದಿರಲಿಲ್ಲ. ಅದರ ಮೇಲೆ ಒಣಗಿದ ಮೆಣಸಿನಕಾಯಿ ಹರಡಿದ್ದಳು. ಶ್ರೀಪಾದ ಏನನ್ನೂ ಮುಚ್ಚಿಡಲಿಲ್ಲ. ತನ್ನ ಕಿವಿ ಹೋದದ್ದು, ಅದು ತನಗೇ ಗೊತ್ತಿರದೆ ಹೋದದ್ದು, ಎರಡು ಮೈಕಿನಲ್ಲಿ ಕೆಟ್ಟದ್ದನ್ನು ಆರಿಸಿದ್ದು, ಹೇಳಿದವರ ಮಾತು ಕೇಳದೆ ಇದ್ದದ್ದು, ಎಲ್ಲ ಹೇಳಿದ. ಹೇಳುವಾಗ ದನಿ ಎಷ್ಟು ಎತ್ತರದಲ್ಲಿದೆಯೋ ಅದೂ ತಿಳಿಯದೆ ನಡುನಡುವೆ ನರ್ಮದಾಳ ಕಡೆ ನೋಡುತ್ತಿದ್ದ.

ಹಜರಾಬಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದಳು. ಒಂದು ಪದದಷ್ಟು ಹೊತ್ತು ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

“ಅವ್ವಂದೇ ದನಿ ಅದ,” ಎಂದಳು. “ಆದ್ರ ನಡಕ ಯಾರೋ ಮೊರದಾಗ ಜ್ವಾಳ ಹಸನ ಮಾಡ್ಲಾಕತ್ತಂಗ ಅದ್ರಿ. ಖರೇನ ನಿಮಗ ಕೇಳಸಂಗಿಲ್ಲೇನು?”

“ಇಲ್ಲವ್ವಾ.”

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಅವ್ವ ಏಳು ವರ್ಷ ಒಲ್ಲೆನೆಂದವಳು ನಿಮ್ಮನ್ನು ನಂಬಿ ಕೂತಳು ಎಂದು ಮಾತ್ರ ಹೇಳಿ, ಎದ್ದು ಹೋಗಿ ಮೆಣಸಿನಕಾಯಿ ತಿರುವಿ ಹಾಕಿದಳು. ಮರಳಿ ಬಂದಾಗ ಅವಳ ಕೈಯಲ್ಲಿ ಅಂಗನವಾಡಿಯ ಹಳೆಯ ನೋಟುಬುಕ್ಕಿತ್ತು. ದನಿ ಹೇಗಾದರೂ ಇರಲಿ, ಮಾತು ಬರೆದುಕೊಳ್ಳೋಣ ಎಂದಳು. ಈಗ ನೆನಪಿದ್ದದ್ದು ಹೋದ ಮೇಲೆ ಅದೂ ಸಿಗುವುದಿಲ್ಲ.

ಹೀಗೆ ಆ ಕೆಲಸ ಶುರುವಾಯಿತು. ಮೂರು ಭಾನುವಾರ ಅವರು ಅಲ್ಲಿಗೆ ಹೋದರು. ನರ್ಮದಾ ಮತ್ತು ಹಜರಾಬಿ ಹೆಡ್‌ಫೋನಿನ ಎರಡು ಬದಿಗೆ ಒಂದೊಂದು ಕಿವಿ ಕೊಟ್ಟು, ತಲೆಗೆ ತಲೆ ತಾಗಿಸಿಕೊಂಡು ಕೂಡುತ್ತಿದ್ದರು. ಶ್ರೀಪಾದ ಯಂತ್ರದ ಗುಂಡಿ ಹಿಡಿದು, ಹಿಂದೆ ಅಂದಾಗ ಹಿಂದೆ, ಮುಂದೆ ಅಂದಾಗ ಮುಂದೆ ಒಯ್ಯುತ್ತಿದ್ದ. ಅವರು ಹೇಳಿದ್ದನ್ನು ಬರೆಯುವುದೂ ಆತನ ಪಾಲಿಗೆ ಬಂತು. ಅಂಚೆ ಕಚೇರಿಯ ದುಂಡಗಿನ ಅಕ್ಷರ ಇನ್ನೂ ಕೈಯಲ್ಲಿತ್ತು. ‘ಸುಳಿ’ಯೋ ‘ಹುಳಿ’ಯೋ, ‘ಶರಣ’ವೋ ‘ಹರಣ’ವೋ ಎಂದು ಇಬ್ಬರೂ ಬಹಳ ಹೊತ್ತು ವಾದಿಸುತ್ತಿದ್ದರು. ತಾಯಿ ಎಂದೋ ಬೀಸುವಾಗ ಅಂದದ್ದು ಹಜರಾಬಿಗೆ ಥಟ್ಟನೆ ನೆನಪಾಗಿ ಕೆಲವು ಸಾಲು ದಕ್ಕಿದವು. ಎರಡನೆಯ ಭಾನುವಾರ ನಾಲ್ಕನೆಯ ಪದ ಪೂರ್ತಿಯಾಯಿತು. ‘ದಾಟಿಸಿದಿ ಹೊಳೆಯವ್ವ ಊರ ಮಂದಿಯನೆಲ್ಲ, ನನ್ನವನೊಬ್ಬನ ಯಾಕ ನಿಲಿಸಿಕೊಂಡಿ’ ಎಂದು ಓದಿ ಹೇಳಿದ ಶ್ರೀಪಾದ ಮೊದಲಿನಿಂದ ಇನ್ನೊಮ್ಮೆ ಓದಿದ. ಅಂದು ಎದುರಿಗೇ ಕೂತಿದ್ದರೂ ಆ ಸಾಲು ಆತನ ಕಿವಿಗೆ ಅರ್ಧ ಮಾತ್ರ ಬಿದ್ದಿತ್ತು.

ಆರನೆಯ ಪದ ಮಾತ್ರ ಕೈಗೆ ಸಿಗಲಿಲ್ಲ. ಅಲ್ಲಿ ವಜೀರುನ್ನಿಸಾ ಪಿಸುಗುಟ್ಟಿದ್ದಳು, ಅಂದು ಪಕ್ಕದಲ್ಲಿ ಕೂತವರಿಗೂ ಮಾತು ನೆನಪಿನಲ್ಲಿ ನಿಂತಿರಲಿಲ್ಲ. ಹನ್ನೆರಡು ಸಾಲಿನಲ್ಲಿ ಐದು ಸಾಲು ಸಿಕ್ಕವು. ಉಳಿದ ಕಡೆ ಹಜರಾಬಿಗೆ ತಾಯಿಯ ಉಸಿರಿನ ಏರಿಳಿತ ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮೂರನೆಯ ಭಾನುವಾರ ಮಾಳಿಂಗನೂ ಬಂದಿದ್ದ. ಅವನು ಪದ ಕಟ್ಟುವುದರಲ್ಲಿ ಪಳಗಿದವನು. ಪ್ರಾಸ ನೋಡಿಕೊಂಡು ಏಳೂ ಸಾಲನ್ನು ತುಂಬಿ ಕೊಡುತ್ತೇನೆ, ಕೇಳಿದವರಿಗೆ ವ್ಯತ್ಯಾಸ ತಿಳಿಯದು ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಶ್ರೀಪಾದ ಹಜರಾಬಿಯ ಕಡೆ ನೋಡಿದ. ಅವಳು ಬೇಡವೆಂದಳು.

“ಅವ್ವ ಹಾಡಿದ್ದು ಅದಲ್ಲಣ್ಣಾ. ಖಾಲಿ ಇದ್ರ ಖಾಲೀನೇ ಇರ್ಲಿ.”

ಶ್ರೀಪಾದ ಸ್ಕೇಲು ಇಟ್ಟು ಏಳು ಗೆರೆ ಎಳೆದು, ಅವುಗಳ ಮೇಲೆ ಏನೂ ಬರೆಯದೆ ಬಿಟ್ಟ. ಪುಟದ ಕೆಳಗೆ, ರಿಕಾರ್ಡಿಂಗಿನ ದೋಷದಿಂದ ಈ ಸಾಲುಗಳು ಕೇಳಿಸುವುದಿಲ್ಲ ಎಂದು ಬರೆದ. ಆಮೇಲೆ ಆ ಮಾತನ್ನು ಹೊಡೆದು ಹಾಕಿ, ರಿಕಾರ್ಡ್ ಮಾಡಿದವನ ತಪ್ಪಿನಿಂದ ಎಂದು ತಿದ್ದಿ, ತನ್ನ ಹೆಸರು ಹಾಕಿದ. ಹಜರಾಬಿ ಅದನ್ನು ಓದಿ ಪುಟ ತಿರುವಿದಳು.

ಬೇಸಿಗೆಯಲ್ಲಿ ಆತ ಡಿಸ್ಕು ಕೊಟ್ಟವರಿಗೆಲ್ಲ ಒಂದೊಂದು ಕಾರ್ಡು ಬರೆದ. ಕಳೆದ ಐದು ವರ್ಷ ನಾನು ಕೊಟ್ಟದ್ದರಲ್ಲಿ ಮೇಲಿನ ಸ್ವರಗಳನ್ನು ಅತಿಯಾಗಿ ಎತ್ತಿದ್ದೇನೆ, ಅದು ನನ್ನ ಕಿವಿಯ ದೋಷ, ಹಾಡಿದವರದಲ್ಲ. ಮೂಲ ಪ್ರತಿ ನನ್ನಲ್ಲಿ ಉಳಿದಿದೆ, ಸರಿ ಮಾಡಿ ಕಳಿಸುತ್ತೇನೆ ಎಂದು. ಕೆಲವರು ಫೋನು ಮಾಡಿ ಅಷ್ಟೇನೂ ಇಲ್ಲ ಬಿಡಿ ಎಂದರು. ಹೆಚ್ಚಿನವರು ಏನೂ ಅನ್ನಲಿಲ್ಲ.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿರುತ್ತಾರೆ. ಹೆಡ್‌ಫೋನ್ ನರ್ಮದಾಳ ತಲೆಯ ಮೇಲಿರುತ್ತದೆ. ಶ್ರೀಪಾದ ಎತ್ತಿದ್ದನ್ನು ಒಂದೊಂದೇ ಗೆರೆ ಇಳಿಸುತ್ತ, ಈಗ? ಈಗ? ಎಂದು ಕೇಳುತ್ತಾನೆ. ಅವಳು ಇನ್ನೂ ಜರಾ ಕಮ್ಮಿ ಅನ್ನುತ್ತಾಳೆ. ಸರಿ ಹೋಯಿತೆಂದು ಅವಳು ಹೇಳಿದ ಕಡೆ ಆತ ನಿಲ್ಲಿಸುತ್ತಾನೆ. ಆ ಹೊತ್ತಿಗೆ ಆತನ ಕಿವಿಗೆ ಆ ಹಾಡು ಕಂಬಳಿಯ ಅಡಿಯಿಂದ ಬಂದಂತೆ ಇರುತ್ತದೆ. ಆತ ಅದರ ಮೇಲೆ ದಿನಾಂಕ, ಊರು, ಹಾಡಿದವರ ಹೆಸರು ಬರೆದು, ಮುಂದಿನದನ್ನು ತೆರೆಯುತ್ತಾನೆ.